ಮುಂದಿನ ಗೇಟಿನಿಂದ ಹೊರಟವನು

ಜೆರಾಕ್ಸ್ ಎಂದು ಅವನಿಗೆ ಹೆಸರಿಟ್ಟವರು ವೇದಿಕೆ ಕಟ್ಟುವ ಬಡಗಿಗಳು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಹೊರಗೆ ಬರುತ್ತಿತ್ತು, ಉಳಿದ ದಿನ ಅದಕ್ಕೆ ರಜೆ. ಅವನೂ ಮೊದಲು ಬಡಗಿಯೇ. ಆ ಹೆಸರಾಂತ ರಾಕ್ ಬ್ಯಾಂಡು ಊರೂರು ಸುತ್ತಿ ಶೋ ಕೊಡುವಾಗ ಅದರ ಹಿಂದೆ ಲಾರಿಗಟ್ಟಲೆ ಹಲಗೆ, ಕಬ್ಬಿಣದ ಕಾಲು, ಬೋಲ್ಟು ಹೊತ್ತು ಹೋಗುವ ತಂಡದಲ್ಲಿ ಒಬ್ಬ. ಬೆಳಿಗ್ಗೆ ಬಯಲಿನಲ್ಲಿ ಹಲಗೆಗೆ ಹಲಗೆ ಕೂಡಿಸುವುದು, ಸಂಜೆ ಅದರ ಮೇಲೆ ಬೇರೆಯವರು ಕುಣಿಯುವುದನ್ನು ಕೆಳಗೆ ಕೂತು ಕೇಳುವುದು, ಮುಗಿದ ಮೇಲೆ ಎಲ್ಲ ಬಿಚ್ಚಿ ಲಾರಿಗೆ ತುಂಬುವುದು. ಹಾಡೆಂದರೆ ಅವನ ಪಾಲಿಗೆ ನೆತ್ತಿಯ ಮೇಲಿನ ಹಲಗೆ ಅದುರುವುದು, ಅಷ್ಟೇ.

ಅವನ ಹಣೆಬರಹ ಬದಲಾದದ್ದು ಅವನ ಬೆನ್ನಿನಿಂದ. ಒಂದು ಮಧ್ಯಾಹ್ನ ಅರ್ಧ ಕಟ್ಟಿದ ವೇದಿಕೆಯ ಮೇಲೆ ಮೈದಾನಕ್ಕೆ ಬೆನ್ನು ಹಾಕಿ ನಿಂತು ನೀರು ಕುಡಿಯುತ್ತಿದ್ದ. ಹಿಂದಿನಿಂದ ಬಂದ ಮ್ಯಾನೇಜರಮ್ಮ, ತಣ್ಣೀರು ಕುಡಿಯಬೇಡಿ ಎಂದು ನಿಮಗೆ ಎಷ್ಟು ಸಲ ಬಡಿದುಕೊಳ್ಳುವುದು, ಗಂಟಲಿನ ಡಾಕ್ಟರು ಅಲ್ಲಿ ಕಾದು ಕೂತಿದ್ದಾರೆ ಎಂದು ತರಾಟೆಗೆ ತೆಗೆದುಕೊಂಡರು. ಇಡೀ ಪ್ರವಾಸದ ಜುಟ್ಟು ಆಕೆಯ ಕೈಯಲ್ಲಿತ್ತು, ಬ್ಯಾಂಡಿನ ಗಾಯಕನೂ ಆಕೆಗೆ ಹೆದರುತ್ತಿದ್ದ. ಇವನಂತೂ ಬಾಯೊಳಗಿನ ನೀರು ನುಂಗದೆಯೇ ತಿರುಗಿದ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರು. ಆಕೆ ನಗುವ ಪೈಕಿಯವರಲ್ಲ. ಅವನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ನಾಳೆಯಿಂದ ಗಾಯಕರ ಹಾಗೆ ಗಡ್ಡ ಬಿಡು ಎಂದು ಹೇಳಿ ಹೋದರು.

ಕೆಲಸ ಕೇಳಲು ಸುಲಭದ್ದು. ಶೋ ಮುಗಿಯುವ ಹೊತ್ತಿಗೆ ಗೇಟಿನ ಹೊರಗೆ ಸಾವಿರಾರು ಜನ ಗಾಯಕನನ್ನು ಮುಟ್ಟಬೇಕೆಂದು ಮುಗಿಬೀಳುತ್ತಿದ್ದರು. ಹಿಂದೊಮ್ಮೆ ಕಾರಿನ ಗಾಜು ಒಡೆದು, ಅಂಗಿ ಹರಿದು, ಪ್ರೀತಿಯ ಭರದಲ್ಲಿ ಅವನ ಕಿವಿಯನ್ನೇ ಕೀಳಲು ಹೋಗಿದ್ದರು. ಹಾಗಾಗಿ ಕೊನೆಯ ಹಾಡು ಮುಗಿಯುತ್ತಿದ್ದಂತೆ ಮುಂದಿನ ಗೇಟಿನಿಂದ ಕಪ್ಪು ಗಾಜಿನ ಕಾರೊಂದು ಹೊರಡಬೇಕು, ಗೇಟಿನ ಸಂದಿಯಿಂದ ಜನಕ್ಕೆ ಕಾಣುವ ಹಾಗೆ ನಾಲ್ಕು ಹೆಜ್ಜೆ ನಡೆದು ಅದರಲ್ಲಿ ಜೆರಾಕ್ಸ್ ಹತ್ತಿ ಕೂತಿರಬೇಕು, ಜನ ಅದರ ಹಿಂದೆ ಓಡಿ ರಸ್ತೆ ಖಾಲಿ ಮಾಡಬೇಕು. ಅಷ್ಟರಲ್ಲಿ ನಿಜವಾದ ಗಾಯಕ ಮೈದಾನದ ಕ್ಯಾಂಟೀನಿನ ಅಡುಗೆಮನೆಯ ಹಿಂಬಾಗಿಲಿನಿಂದ ತರಕಾರಿ ತರುವ ವ್ಯಾನಿನಲ್ಲಿ ಕೂತು ಹೋಟೆಲು ಸೇರಬೇಕು. ಜನರ ಕಣ್ಣಿಗೆ ಮಣ್ಣೆರಚುವುದೇ ಕಸುಬು. ಮ್ಯಾನೇಜರಮ್ಮ ಹಾಕಿದ ಕಟ್ಟಳೆ ಮೂರು: ಗಾಡಿ ನಿಲ್ಲಿಸಕೂಡದು, ಗಾಜು ಇಳಿಸಕೂಡದು, ಈ ವಿಷಯ ಹೊರಗೆ ಬಾಯಿ ಬಿಡಕೂಡದು. ಹೆಂಡತಿಗೆ ಹೇಳಬಹುದೇ ಎಂದು ಅವನು ಕೇಳಿದ್ದಕ್ಕೆ, ಆಕೆಯ ಬಾಯಿಗೆ ನೀನೇ ಜಾಮೀನು ಎಂದಿದ್ದರು.

ಕೇಳಲು ಸುಲಭ ಎಂದೆ. ಬದುಕಲು ಅಲ್ಲ. ಗಾಯಕ ದಪ್ಪಗಾದರೆ ಇವನು ದಪ್ಪಗಾಗಬೇಕು, ಅವನು ಪಥ್ಯ ಹಿಡಿದರೆ ಇವನ ತಟ್ಟೆಯಲ್ಲೂ ಬೇಯಿಸಿದ ಸೊಪ್ಪು. ಅವನ ಕೂದಲಿಗೆ ಬಣ್ಣ ಬಂದರೆ ಇವನ ದಿಂಬಿಗೂ ಕಲೆ. ಒಂದು ವರ್ಷ ಗಾಯಕ ವೇದಿಕೆಯ ಅಂಚಿನಿಂದ ಬಿದ್ದು ಎಡಗಾಲು ಎಳೆದು ನಡೆಯತೊಡಗಿದ. ಇವನು ಹೋಟೆಲಿನ ಉದ್ದನೆಯ ವರಾಂಡದಲ್ಲಿ ಹಿಂದೆ ಮುಂದೆ ಓಡಾಡಿ ಕುಂಟುವುದನ್ನು ಕಲಿತ. ಗಾಯಕನ ಕಾಲು ಮರುವರ್ಷ ಸರಿಹೋಯಿತು. ಇವನ ಕುಂಟು ಹೋಗಲಿಲ್ಲ. ಕಲಿಸಿದವರುಂಟು, ಬಿಡಿಸುವವರು ಯಾರು? ರಜೆಯಲ್ಲಿ ಮನೆಗೆ ಬಂದಾಗಲೂ ಮೆಟ್ಟಿಲ ಮೇಲೆ ಎಡಗಾಲಿನ ಸದ್ದು ತಡವಾಗಿಯೇ ಕೇಳುತ್ತಿತ್ತು.

“ಅವನಿಗೆ ನೆಗಡಿಯಾದ್ರೆ ನೀವು ಸೀನ್ತೀರಿ,” ಎಂದಳು ಹೆಂಡತಿ ಒಂದು ಸಲ. “ನಂಗೆ ಜ್ವರ ಬಂದ್ರೆ ಯಾರು ನರಳ್ತಾರೆ?”

ತಮಾಷೆಗೇ ಹೇಳಿದ್ದು. ಆದರೂ ಅವತ್ತು ಅವನಿಗೆ ಊಟ ರುಚಿಸಲಿಲ್ಲ.

ಗಾಯಕನೂ ಇವನೂ ಎದುರಾಗುತ್ತಿದ್ದದ್ದು ವರ್ಷಕ್ಕೊಮ್ಮೆ, ಪ್ರವಾಸ ಶುರುವಾಗುವ ಮೊದಲು, ದರ್ಜಿಯ ಕನ್ನಡಿಯ ಮುಂದೆ. ಒಂದೇ ಅಳತೆಯ ಎರಡು ಜಾಕೆಟ್ಟು ತೊಟ್ಟು ಇಬ್ಬರೂ ಪಕ್ಕಪಕ್ಕದಲ್ಲಿ ನಿಂತರೆ ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರಿಗೆ ಚುಚ್ಚಲಿ ಎಂದು ಗೊಂದಲಕ್ಕೆ ಬೀಳುತ್ತಿದ್ದ. ಗಾಯಕ ಸಾಮಾನ್ಯವಾಗಿ ಮಾತಾಡುವವನಲ್ಲ. ಹಾಗೆ ನಿಂತಿದ್ದಾಗ ಒಮ್ಮೆ, ಕನ್ನಡಿಯಲ್ಲೇ ಇವನ ಮುಖ ನೋಡಿ, ಜನ ಇನ್ನೂ ಕಾರಿನ ಹಿಂದೆ ಓಡುತ್ತಾರಾ ಎಂದು ಕೇಳಿದ. ಓಡುತ್ತಾರೆ ಸರ್, ಮೊನ್ನೆ ಒಬ್ಬ ಚಪ್ಪಲಿ ಬಿಟ್ಟು ಓಡಿದ ಎಂದ ಇವನು.

“ನಾನು ನೋಡೇ ಇಲ್ಲ ಕಣೋ,” ಎಂದ ಗಾಯಕ. “ನಂಗೆ ಕಾಣೋದು ಬರೀ ಪಾತ್ರೆ ತೊಳೆಯೋರು. ಸರೀರಿ ಸರೀರಿ ಅಂತ ನನ್ನೇ ದೂಡ್ತಾರೆ.”

ಅವತ್ತಿನಿಂದ ಜೆರಾಕ್ಸ್‌ಗೆ ಆ ಮನುಷ್ಯನ ಮೇಲೆ ಒಂದು ಬಗೆಯ ಮರುಕ ಹುಟ್ಟಿತು. ಅವನ ಜನರ ಪ್ರೀತಿಯನ್ನು ತಾನು ಕದ್ದು ತಿನ್ನುತ್ತಿದ್ದೇನೆ ಎಂದೂ ಅನಿಸುತ್ತಿತ್ತು. ಸುಳ್ಳೇಕೆ, ತಿನ್ನಲು ರುಚಿಯಾಗಿಯೂ ಇತ್ತು. ಕಪ್ಪು ಗಾಜಿನ ಆಚೆ ಸಾವಿರ ಅಂಗೈಗಳು ಬಡಿಯುವಾಗ ಎದೆಯೊಳಗೆ ಏನೋ ಉಬ್ಬಿ ಬರುತ್ತಿತ್ತು. ಅದನ್ನು ಹೇಳಿಕೊಳ್ಳಲು ಮಾತ್ರ ಹೊರಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಇದ್ದವಳು ಹೆಂಡತಿ ಒಬ್ಬಳು. ಅವಳು ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಕೆಲಸದವಳು. ಅದೇ ಬೀದಿಯಲ್ಲಿ ಮಹಡಿ ಮೇಲಿನ ಎರಡು ಕೋಣೆ ಅವರ ಮನೆ. ಮಕ್ಕಳಿರಲಿಲ್ಲ. ವರ್ಷದ ಮುಕ್ಕಾಲು ಭಾಗ ಅವನು ಪ್ರವಾಸದಲ್ಲಿ, ಅವಳು ಆ ಎರಡು ಕೋಣೆಗಳಲ್ಲಿ. ಬಂದಾಗಲೂ ಅವನು ಬರುತ್ತಿದ್ದದ್ದು ಇನ್ನೊಬ್ಬನ ಗಡ್ಡ, ಇನ್ನೊಬ್ಬನ ಕೂದಲು ಹೊತ್ತು. ಒಪ್ಪಂದದ ಪ್ರಕಾರ ರಜೆಯಲ್ಲೂ ಕತ್ತರಿ ತಾಗಿಸುವಂತಿರಲಿಲ್ಲ. ಬಾ, ಒಂದೇ ಒಂದು ಸಲ ಬಂದು ನೋಡು ಎಂದು ಅವನು ಪ್ರತಿ ವರ್ಷ ಕರೆಯುತ್ತಿದ್ದ. ಸಾವಿರ ಜನ ನನ್ನ ಗಂಡನನ್ನು ಇನ್ನೊಬ್ಬ ಎಂದುಕೊಂಡು ಕಿರುಚುವುದನ್ನು ನಾನೇಕೆ ನೋಡಲಿ ಎಂದು ಅವಳು ಪ್ರತಿ ವರ್ಷ ಮೂಗು ಮುರಿಯುತ್ತಿದ್ದಳು. ಆ ಕಾರಿನಲ್ಲಿ ಕೂತವನು ಯಾರೆಂದು ಬಲ್ಲವರು ಬ್ಯಾಂಡಿನ ಹೊರಗೆ ಅವಳೊಬ್ಬಳೇ. ಅವಳು ನೋಡದಿದ್ದರೆ ತಾನು ಮಾಡಿದ್ದೆಲ್ಲ ಬೇರೆಯವನ ಖಾತೆಗೇ ಹೋದಂತೆ ಎಂದು ಅವನಿಗೆ ಅನಿಸುತ್ತಿತ್ತು. ಒಂದು ಸಲ, ಒಂದೇ ಸಲ, ಅಲ್ಲಿ ಕೂತವನು ನನ್ನ ಗಂಡ ಎಂದು ಅವಳ ಕಣ್ಣು ಹೇಳಬೇಕು. ಹದಿನೇಳು ವರ್ಷದಲ್ಲಿ ಅವನು ಬಯಸಿದ್ದು ಅದಿಷ್ಟನ್ನೇ.

ಬ್ಯಾಂಡಿಗೆ ವಯಸ್ಸಾಗಿತ್ತು. ಇದೇ ಕಡೆಯ ಪ್ರವಾಸ ಎಂದು ಸಾರಿ ಹೊರಟರು. ಕಡೆಯ ಶೋ ಇದ್ದದ್ದು ಅವನ ಮನೆಯಿಂದ ಒಂದು ಬಸ್ಸಿನ ದೂರದ ಊರಿನಲ್ಲಿ. ಫೋನಿನಲ್ಲಿ ಅವನು ಅಂಗಲಾಚಿದ. ಇದು ಮುಗಿದ ಮರುದಿನವೇ ಗಡ್ಡ ತೆಗೆಯುತ್ತೇನೆ, ಆಮೇಲೆ ನೀನು ನೋಡಬೇಕೆಂದರೂ ಆ ಮನುಷ್ಯ ಸಿಗುವುದಿಲ್ಲ ಎಂದ. ಅವಳು, “ಆಯ್ತು, ಬರ್ತೀನಿ,” ಎಂದಳು. ಮುಂದಿನ ಗೇಟಿನ ಎದುರು ಒಂದು ಔಷಧಿ ಅಂಗಡಿ ಇದೆ, ಅದರ ಮೆಟ್ಟಿಲ ಮೇಲೆ ನಿಂತರೆ ನೂಕುನುಗ್ಗಲು ತಾಗುವುದಿಲ್ಲ ಎಂದು ಅವನು ಗುರುತು ಹೇಳಿದ. ಫೋನಿಟ್ಟ ಮೇಲೆ ಮೀಸೆ ಮೊಳೆಯದ ಹುಡುಗನ ಹಾಗೆ ಒಬ್ಬನೇ ನಗುತ್ತಿದ್ದ.

ಕತ್ತಲಾದ ಮೇಲೆ ಸದ್ದು ಮಾಡಕೂಡದು ಎಂದು ಆ ಊರಿನ ನಗರಸಭೆಯ ಅಪ್ಪಣೆ. ಹಾಗಾಗಿ ಶೋ ಮಧ್ಯಾಹ್ನವೇ ಶುರುವಾಗಿ ಬಿಸಿಲಿರುವಾಗಲೇ ಮುಗಿಯಿತು. ಕೊನೆಯ ಹಾಡು ಮುಗಿದದ್ದೇ ತಡ, ಕಾರು ಗೇಟು ದಾಟಿತು. ಹೊರಗೆ ಜನಸಾಗರ. ಅವನ ಕಣ್ಣು ನೆಟ್ಟಿದ್ದು ಔಷಧಿ ಅಂಗಡಿಯ ಮೆಟ್ಟಿಲಿಗೆ. ಅಲ್ಲಿ, ತಲೆಗಳ ಮೇಲೆ, ಕೆಂಪು ಸ್ವೆಟರಿನ ಹೆಂಗಸೊಬ್ಬಳು ಕೈ ಎತ್ತಿ ನಿಂತಿದ್ದಳು. ಅವನ ಹೆಂಡತಿಯ ಬಳಿ ಅಂಥದ್ದೇ ಸ್ವೆಟರು ಇತ್ತು.

ನಿಧಾನ ಮಾಡು ಎಂದು ಡ್ರೈವರಿಗೆ ಹೇಳಿದ. ಡ್ರೈವರು ಹಳೆಯ ಹುಲಿ, ಕೇಳುವವನಲ್ಲ. ಮ್ಯಾನೇಜರಮ್ಮ ನನ್ನ ಚರ್ಮ ಸುಲಿದಾರು ಎಂದ. ಮೆಟ್ಟಿಲ ಮೇಲೆ ಇರುವವಳು ನನ್ನ ಹೆಂಡತಿ, ಇವತ್ತೇ ಕಡೆಯಲ್ಲವೇ ಮಾರಾಯ ಎಂದು ಇವನು ಗೋಗರೆದ. ಕಡೆಯ ದಿನ ಎಂಬ ಮಾತಿಗೆ ಆ ಮುದುಕನ ಮನಸ್ಸೂ ಕರಗಿತು. ಕಾರಿನ ವೇಗ ಇಳಿಯಿತು. ಜೆರಾಕ್ಸ್ ಗಾಜು ಪೂರ್ತಿ ಇಳಿಸಿ, ತಲೆ ಹೊರಗೆ ಹಾಕಿ, ಕೈ ಬೀಸಿದ. ಗಾಯಕ ನಗುವ ಹಾಗೆ ತುಟಿ ಓರೆ ಮಾಡಬೇಕೆಂಬುದು ಮರೆತೇ ಹೋಗಿ, ಬಾಯಿತುಂಬ ತನ್ನದೇ ನಗು ನಕ್ಕ.

ಜನ ಹುಚ್ಚೆದ್ದರು. ಇಷ್ಟು ವರ್ಷ ಕಪ್ಪು ಗಾಜಿಗೆ ಅಂಗೈ ಬಡಿದವರಿಗೆ ಮುಖವೇ ಸಿಕ್ಕಿತೆಂದರೆ ಕೇಳಬೇಕೆ? ಮುಂದೆ ಓಡುತ್ತಿದ್ದವರು ಹಿಂದಿರುಗಿದರು, ಹಿಂದಿನವರು ಮೈಮೇಲೆ ಬಿದ್ದರು, ಕಾರು ಇದ್ದಲ್ಲೇ ಹೂತುಹೋಯಿತು. ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಕಾಲಿಡಲು ಜಾಗವಿಲ್ಲ. ಡ್ರೈವರು ಬೆವರುತ್ತಾ ಹಾರನ್ ಒತ್ತುತ್ತಿದ್ದ. ಇವನಿಗೆ ಲೋಕದ ಪರಿವೆಯೇ ಇರಲಿಲ್ಲ. ಎಲ್ಲೋ ಹಿಂದೆ ಸೈರನ್ ಕೂಗಿಕೊಳ್ಳುತ್ತಿತ್ತು. ತನಗೆ ದಾರಿ ಬಿಡಿಸಲು ಪೊಲೀಸರು ಬಂದರು ಎಂದುಕೊಂಡು ಆ ಕಡೆಗೂ ತಿರುಗಿ ಕೈ ಬೀಸಿದ.

ಅದು ಪೊಲೀಸರದ್ದಲ್ಲ. ಅಡುಗೆಮನೆಯ ಒದ್ದೆ ನೆಲದ ಮೇಲೆ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ, ಗಾಯಕ ಎದೆ ಹಿಡಿದುಕೊಂಡು ಕುಸಿದಿದ್ದ. ವೇದಿಕೆಯ ಹಿಂದೆ ಸದಾ ನಿಂತಿರುತ್ತಿದ್ದ ಆಂಬುಲೆನ್ಸು ಅವನನ್ನು ಹಾಕಿಕೊಂಡು ಹಿತ್ತಿಲ ಓಣಿಯಿಂದ ಹೊರಟಿತು. ಆ ಓಣಿ ಸೇರುವುದು ಗೇಟಿನ ಮುಂದಿನ ಅದೇ ರಸ್ತೆಗೆ. ಎಲ್ಲ ಊರಿನಲ್ಲೂ ಆ ಹೊತ್ತಿಗೆ ರಸ್ತೆ ಖಾಲಿಯಾಗಿರುತ್ತಿತ್ತು, ಏಕೆಂದರೆ ಎಲ್ಲ ಊರಿನಲ್ಲೂ ಜನ ಜೆರಾಕ್ಸ್‌ನ ಹಿಂದೆ ಓಡಿ ದೂರ ಹೋಗಿರುತ್ತಿದ್ದರು. ಅವತ್ತೊಂದು ದಿನ ಹೋಗಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಂಜೆ ಹೋಟೆಲಿನ ಕೋಣೆಗೆ ಮ್ಯಾನೇಜರಮ್ಮ ಬಾಗಿಲು ತಟ್ಟದೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ಆಕೆ ಕೂತದ್ದನ್ನು ಅವನು ನೋಡಿದ್ದು ಅಂದೇ ಮೊದಲು. ನಡೆದದ್ದನ್ನು ಹೇಳಿದರು. ಆಮೇಲೆ, ಗಾಜು ಯಾಕೆ ಇಳಿಸಿದೆ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಅವನು ಹೆಂಡತಿಯ ವಿಷಯ ಹೇಳಿದ. ಹೇಳುತ್ತಾ ಹೇಳುತ್ತಾ ಆ ಮಾತು ತನ್ನ ಕಿವಿಗೇ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಅರ್ಧಕ್ಕೇ ನಿಲ್ಲಿಸಿದ.

“ಬೇಗ ಮುಟ್ಟಿದ್ರೂ ಉಳೀತಿದ್ರೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು,” ಎಂದರು ಆಕೆ. “ಅದನ್ನೇ ಹಿಡ್ಕೊಂಡು ಬದುಕು. ನಿನ್ನ ಹೆಸರು ಎಲ್ಲೂ ಬರಲ್ಲ.”

ಬರಲಿಲ್ಲ. ಬಂದದ್ದು ಅವನ ಮುಖ. ಗುಂಪಿನಲ್ಲಿ ಯಾರೋ ತೆಗೆದ ಫೋಟೋ ಮರುದಿನ ಎಲ್ಲ ಪತ್ರಿಕೆಗಳ ಮೊದಲ ಪುಟದಲ್ಲಿತ್ತು: ಇಳಿಸಿದ ಗಾಜು, ಹೊರಚಾಚಿದ ಕೈ, ಬಾಯಿತುಂಬ ನಗು. ಅಭಿಮಾನಿಗಳತ್ತ ಕೈ ಬೀಸಿದ ಕೆಲವೇ ಹೊತ್ತಿನಲ್ಲಿ ಗಾಯಕನಿಗೆ ಕಾರಿನಲ್ಲೇ ಎದೆನೋವು ಬಂತೆಂದು ಬ್ಯಾಂಡಿನವರು ಹೇಳಿಕೆ ಕೊಟ್ಟುಬಿಟ್ಟರು. ಬೇರೆ ಏನು ಹೇಳಿಯಾರು? ಹದಿನೇಳು ವರ್ಷ ನಿಮಗೆ ಟೋಪಿ ಹಾಕಿದೆವು ಎನ್ನಲಾಗುತ್ತದೆಯೇ? ಆ ಫೋಟೋ ಅಂಗಡಿಗಳ ಶಟರಿನ ಮೇಲೆ ಬಂತು, ಬಸ್ಸುಗಳ ಬೆನ್ನ ಮೇಲೆ ಬಂತು. ಜನ ಅದರ ಮುಂದೆ ಹೂವಿಟ್ಟು ಅತ್ತರು. ಇಷ್ಟು ವರ್ಷದಲ್ಲಿ ಅವನು ಹೀಗೆ ಮನಸಾರೆ ನಕ್ಕದ್ದನ್ನು ಕಂಡಿದ್ದು ಇದೇ ಮೊದಲು ಎಂದು ಯಾರೋ ಬರೆದರು. ಅದನ್ನು ಬಸ್ಸಿನ ಕಿಟಕಿಯ ಪಕ್ಕ ಕೂತು, ಕತ್ತಿಗೆ ಮಫ್ಲರ್ ಸುತ್ತಿ ಮುಖ ಮುಚ್ಚಿಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಜೆರಾಕ್ಸ್ ಓದಿದ. ಓದಿ, ಪೇಪರು ಮಡಿಸಿ, ಅದರ ಮೇಲೇ ಕೂತ.

ಮನೆಯಲ್ಲಿ ಬಚ್ಚಲ ಕನ್ನಡಿಯ ಮುಂದೆ ಗಡ್ಡ ಬೋಳಿಸಿಕೊಂಡ. ಒಳಗಿಂದ ಅವನು ಬಿಟ್ಟುಹೋದ ಮುಖ ಹೊರಬರಲಿಲ್ಲ. ಬಿಸಿಲು ಕಾಣದೆ ಬೆಳ್ಳಗಾದ ಗಲ್ಲ, ಜೋತುಬಿದ್ದ ಕೆನ್ನೆ, ಯಾರೋ ಮುದುಕ. ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತಿದ್ದ ಹೆಂಡತಿ ತುಂಬಾ ಹೊತ್ತು ನೋಡಿ, ನಿಮ್ಮಪ್ಪನ ಹಾಗೆ ಕಾಣುತ್ತೀರಿ ಎಂದಳು. ನಕ್ಕಾಳೇನೋ ಎಂದು ಅವನು ಕಾದ. ಅವಳು ನಗಲಿಲ್ಲ.

ಆಮೇಲೆ ಅವನು ಮನೆ ಬಿಟ್ಟು ಕದಲಲಿಲ್ಲ. ಮಫ್ಲರಿನ ಅಗತ್ಯ ಇರಲಿಲ್ಲ, ಬೋಳಿಸಿದ ಈ ಮುಖವನ್ನು ಯಾರೂ ಗುರುತಿಸುತ್ತಿರಲಿಲ್ಲ. ಆದರೆ ಬೀದಿಗಿಳಿದರೆ ನಗುತ್ತಿರುವ ತಾನೇ ಎದುರು ಸಿಗುತ್ತಿದ್ದ, ಅವನನ್ನು ದಾಟಿ ಹೋಗಲು ಕಾಲು ಬರುತ್ತಿರಲಿಲ್ಲ. ಕನ್ನಡಕದ ಅಂಗಡಿಯ ಸಾಹುಕಾರನೂ ಗಲ್ಲಾಪೆಟ್ಟಿಗೆಯ ಮೇಲೆ ಅದೇ ಫೋಟೋ ತೂಗುಹಾಕಿದ್ದ. ದಿನವಿಡೀ ಅದರ ಕೆಳಗೆ ಕೂತು ಗಾಜು ಒರೆಸಿ ಒರೆಸಿ ಅವಳು ಮನೆಗೆ ಬರುತ್ತಿದ್ದಳು. ಬಂದರೆ ಇವನದು ಒಂದೇ ರಾಗ. ಒಬ್ಬನ ಜೀವ ಹೋಯಿತು, ನನ್ನ ಕೈಯಿಂದಲೇ ಹೋಯಿತು ಎನ್ನುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು, ನೀನಾದರೂ ನನ್ನನ್ನು ನೋಡಿದೆಯಲ್ಲ ಎನ್ನುತ್ತಿದ್ದ. ಮುಳುಗುವವನು ಹಿಡಿದ ಕಡ್ಡಿಯ ಹಾಗೆ ಆ ಒಂದು ಮಾತನ್ನು ಅವನು ಹಿಡಿದುಕೊಂಡಿದ್ದ. ಬೆಳಿಗ್ಗೆ ಎದ್ದರೆ ಅದು, ಕೂತರೆ ಅದು. ಅವಳು ಬೆನ್ನು ತಿರುಗಿಸಿಯೇ ‘ಹೂಂ’ ಎನ್ನುತ್ತಿದ್ದಳು. ದಿನದಿಂದ ದಿನಕ್ಕೆ ಅವಳು ಇಳಿದುಹೋಗುತ್ತಿದ್ದದ್ದು ಅವನ ಗಮನಕ್ಕೆ ಬರಲೇ ಇಲ್ಲ. ತನ್ನ ದುಃಖದಲ್ಲಿ ತಾನು ಮುಳುಗಿದವನಿಗೆ ಪಕ್ಕದವರ ಮುಖ ಎಲ್ಲಿ ಕಾಣಬೇಕು.

ಒಂದು ಭಾನುವಾರ ಇಬ್ಬರೂ ಊಟಕ್ಕೆ ಕೂತಿದ್ದರು. ಅವನು ತಟ್ಟೆಯಲ್ಲಿ ಬೆರಳಾಡಿಸುತ್ತಾ, “ಹೋಗ್ಲಿ ಬಿಡು. ನೀನೊಬ್ಬಳು ನೋಡ್ದೆ, ನಂಗಷ್ಟು ಸಾಕು,” ಎಂದ.

ಅವಳ ಕೈ ತಟ್ಟೆಯಲ್ಲೇ ನಿಂತಿತು.

“ನಾನು ಬಂದಿರ್ಲಿಲ್ಲ ರೀ.”

ಅವನು ತಲೆಯೆತ್ತಿ ನೋಡಿದ. ಅವಳು ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಬಸ್ಸು ಹತ್ತಿದ್ದು ನಿಜ, ಆ ಊರಿನಲ್ಲಿ ಇಳಿದದ್ದೂ ನಿಜ ಎಂದಳು. ಬಸ್‌ ಸ್ಟ್ಯಾಂಡಿನಲ್ಲೇ ಜನ ಕಿಕ್ಕಿರಿದಿದ್ದರಂತೆ. ಎಲ್ಲರ ಬನಿಯನ್ನಿನ ಮೇಲೂ ಅದೇ ಮುಖ, ಅರ್ಧ ಜನರ ಕೆನ್ನೆಯಲ್ಲಿ ಅದೇ ಗಡ್ಡ.

“ಅಷ್ಟು ಮುಖದ ನಡುವೆ ನಿಮ್ಮನ್ನ ಎಲ್ಲಿ ಅಂತ ಹುಡುಕ್ಲಿ ಅನ್ನಿಸ್ತು. ಭಯ ಆಯ್ತು. ಅಲ್ಲಿಂದ್ಲೇ ವಾಪಸ್ ಬಸ್ ಹತ್ತಿದೆ.”

ಹಾಗಾದರೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಇದ್ದವಳು ಯಾರು ಎಂದು ಅವನು ಕೇಳಿದ. ನನಗೇನು ಗೊತ್ತು, ಯಾರೋ ಎಂದಳು ಅವಳು. ಅವಳ ಕಣ್ಣಿನಿಂದ ನೀರು ಇಳಿದು ತಟ್ಟೆಗೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಟ್ಟೆಯ ಅಂಚು ಹಿಡಿದುಕೊಂಡ.

“ಹೇಳ್ದೇ ಇದ್ದಿದ್ರೆ ಆಗ್ತಿತ್ತು,” ಎಂದ.

“ಎಷ್ಟು ದಿನ ಅಂತ ನೋಡಿದವಳ ಥರ ಇರ್ಲಿ ರೀ?” ಎಂದಳು. “ಈ ಮನೇಲಿ ವೇಷ ಹಾಕ್ಕೊಂಡು ಬದುಕಿದವರು ಒಬ್ಬರು ಸಾಕು.”

ಕೂತಲ್ಲೇ ಕೂತು, ಕೆಂಪು ಸ್ವೆಟರಿನ ಆ ಹೆಂಗಸನ್ನು ಅವನು ನೆನೆದ. ಅವಳು ಎಲ್ಲಿಯವಳೋ, ಯಾರ ಮನೆಯವಳೋ. ಆ ದೊಡ್ಡ ಗಾಯಕ ಸಾಯುವ ಮೊದಲು ಗಾಜು ಇಳಿಸಿ, ಅಷ್ಟು ಜನರ ನಡುವೆ ನನ್ನನ್ನೇ ಹುಡುಕಿ ನೋಡಿ ನಕ್ಕ ಎಂದು ಅವಳು ಮನೆಯವರಿಗೆಲ್ಲ ಹೇಳುತ್ತಿರಬೇಕು, ಹೇಳುವಾಗ ಅಳುತ್ತಲೂ ಇರಬೇಕು.